ದೂರ ನುಂಗುವ ಮಗು

ಓಟಗಾರರ ಊರು ಇಟೆನ್, ಅದರಾಚೆಯ ಕೆಂಪು ಮಣ್ಣಿನ ದಾರಿ. ಬೆಳಕು ಈಗಷ್ಟೇ ಹರಿಯುತ್ತಿದೆ. ಬೇಲಿ ಪಕ್ಕದ ಒದ್ದೆ ಹುಲ್ಲಿನಲ್ಲಿ ಒಬ್ಬ ಹೆಂಗಸು ಬೋರಲು ಮಲಗಿದ್ದಾಳೆ. ಕಣ್ಣಿಗೆ ಕ್ಯಾಮೆರಾ, ಅದರ ಮುಂದೆ ಹಾಲಿನ ಸೋರೆಬುರುಡೆಯಷ್ಟು ಉದ್ದದ ಲೆನ್ಸು. ದೂರದ ತಿರುವಿನಲ್ಲಿ ಧೂಳು ಏಳುತ್ತದೆ. ಬರಿಗಣ್ಣಿಗೆ ಓಟಗಾರರು ಇರುವೆ ಸಾಲಿನಂತೆ ಕಾಣುತ್ತಾರೆ. ಅವಳು ಲೆನ್ಸಿನ ಬಳೆಯನ್ನು ಮೆಲ್ಲಗೆ ತಿರುಗಿಸುತ್ತಾಳೆ.

"ನಡುವೆ ಬರ್ತಿದ್ದಾಳಲ್ಲ, ರಾತ್ರಿ ಸರಿಯಾಗಿ ಉಂಡಿಲ್ಲ ಅವಳು. ತುಟಿ ನೋಡು," ಅನ್ನುತ್ತಾಳೆ. ತುಟಿಯಿರಲಿ, ಪಕ್ಕದಲ್ಲಿ ಕೂತ ನನಗೆ ತಲೆಯೇ ಕಾಣುತ್ತಿಲ್ಲ.

ಇವಳೇ ಜೆಮುಟೈ. ಇಲ್ಲಿನ ಓಟಗಾರರು ಗೆದ್ದು ಬಂದಾಗ ಹಾರ ಹಾಕಲು, ಸೋರೆಬುರುಡೆಯ ಹುಳಿಹಾಲು ಮುರ್ಸಿಕ್ ಕುಡಿಸಲು ಊರೆಲ್ಲ ನುಗ್ಗುತ್ತದೆ. ಅವರು ಯಾರಿಗೂ ಬೇಡವಾಗಿದ್ದಾಗಲೇ ಚಿತ್ರ ತೆಗೆದವಳನ್ನು ಒಬ್ಬರೂ ಕರೆಯುವುದಿಲ್ಲ. ವಿದೇಶದ ಕ್ಲಬ್ಬುಗಳಿಗೆ ಹುಡುಗಿಯರು ಕಳಿಸುವ ಫೋಟೊ ಇವಳದು, ಮನೆ ಗೋಡೆಗಳ ಮೇಲಿನದೂ ಇವಳದೇ.

ಅಮ್ಮ ಕೊಟ್ಟ ಕಡಸನ್ನು ಮಾರಿ ಈ ಹಳೆಯ ಲೆನ್ಸು ಕೊಂಡಳು. ಅತ್ತೆ ಇವತ್ತಿಗೂ ಬಿಟ್ಟಿಲ್ಲ: "ಕಡಸು ಇದ್ದಿದ್ರೆ ಹಾಲು ಕೊಡ್ತಿತ್ತು. ಇದೇನು ಕೊಡುತ್ತೆ, ಸೆಗಣಿನೂ ಇಲ್ಲ!"

ಲೆನ್ಸಿಗೆ ಈ ಊರಿನ ಧೂಳೇ ಶತ್ರು. "ಮುಂದಕ್ಕೆ ಚಾಚಿ ಹಿಂದಕ್ಕೆ ಎಳೆದಾಗೆಲ್ಲ ಧೂಳು ಒಳಗೆ ಹೋಗುತ್ತೆ. ಬಳೆ ಕರಕರ ಅನ್ನುತ್ತೆ. ನನ್ನ ಹಲ್ಲಲ್ಲೇ ಮರಳು ಕಡಿದ ಹಾಗಾಗುತ್ತೆ," ಅನ್ನುತ್ತಾಳೆ. ಅದಕ್ಕೇ ಅದನ್ನು ಬಟ್ಟೆಯಲ್ಲಿ ಸುತ್ತಿ, ಇಲ್ಲಿನ ಹೆಂಗಸರು ಕೂಸು ಕಟ್ಟಿಕೊಳ್ಳುವಂತೆ ಬೆನ್ನಿಗೆ ಕಟ್ಟಿಕೊಳ್ಳುತ್ತಾಳೆ. ವ್ಯಾನಿನ ಕಂಡಕ್ಟರ್ ದಿನವೂ ಕೆಣಕುತ್ತಾನೆ: "ಅಕ್ಕಾ, ಮಗೂಗೆ ಎಷ್ಟು ತಿಂಗಳು?"

"ನಿನಗಿಂತ ದೊಡ್ಡವನು. ನಿನಗಿಂತ ಗಲಾಟೆ ಕಮ್ಮಿ."

ಹೋದ ತಿಂಗಳು ಈ ಮಗುವೇ ಅವಳನ್ನು ಸಿಕ್ಕಿಸಿಹಾಕಿತು. ನೈರೋಬಿಯ ದೊಡ್ಡ ಓಟಕ್ಕೆ ಯಾರನ್ನು ಕಳಿಸುವುದೆಂದು ಇಲ್ಲಿನ ಒಂದು ತರಬೇತಿ ಶಿಬಿರ ಆಯ್ಕೆ ಓಟ ನಡೆಸಿತು. ಕೊನೆಯ ಏರಿನಲ್ಲಿ ಮುಂದಿದ್ದ ಹುಡುಗಿ ಮುಗ್ಗರಿಸಿ ಬಿದ್ದಳು. ಹಿಂದಿದ್ದ ಜೆರೊಟಿಚ್ ಗೆದ್ದಳು. ಬೀಳುವ ಕ್ಷಣವನ್ನು ಜೆಮುಟೈ ದೂರದಿಂದ, ನೇರ ಎದುರಿನಿಂದ ತೆಗೆದಿದ್ದಳು. ಆ ಚಿತ್ರದಲ್ಲಿ ಜೆರೊಟಿಚ್‌ಳ ಕೈ ಮುಂದಿನವಳ ಬೆನ್ನ ಮೇಲೇ ಇತ್ತು. ಒಂದು ಪತ್ರಿಕೆ ಅದನ್ನು ದೊಡ್ಡದಾಗಿ ಅಚ್ಚು ಹಾಕಿ ಕೆಳಗೆ 'ತಳ್ಳಿದಳೇ?' ಎಂದು ಬರೆಯಿತು. ಫೋಟೊ ತೆಗೆದವಳನ್ನು ಒಂದು ಮಾತು ಕೇಳಬೇಕೆಂದು ಆ ಮಹಾನುಭಾವರಿಗೆ ಹೊಳೆಯಲಿಲ್ಲ. ಶಿಬಿರದ ಯಜಮಾನ ಕಿಬಿವೊಟ್ ಜೆರೊಟಿಚ್‌ಳ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿದ.

"ಅವಳು ತಳ್ಳಿರಲಿಲ್ಲ. ನಡುವೆ ಬೇಕಾದಷ್ಟು ಜಾಗ ಇತ್ತು. ಈ ಲೆನ್ಸು ದೂರ ನುಂಗಿಬಿಡುತ್ತೆ. ಹಿಂದಿನದನ್ನ ತಂದು ಮುಂದಿನದಕ್ಕೆ ಅಂಟಿಸುತ್ತೆ," ಅನ್ನುತ್ತಾಳೆ ಜೆಮುಟೈ.

ಇದನ್ನು ಬಾಯಿಬಿಟ್ಟು ಹೇಳಿದರೆ ಅವಳ ಫೋಟೊಗಳನ್ನು ನಾಳೆ ಯಾರು ನಂಬುತ್ತಾರೆ? ಗಂಡನೂ ಅದನ್ನೇ ಅಂದ: "ಸುಮ್ನಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಅವಳು ಸುಮ್ಮನಿರಲಿಲ್ಲ. ಕಿಬಿವೊಟ್‌ನ ಅಂಗಳಕ್ಕೆ ಹೋಗಿ ಬೆನ್ನಿನ ಗಂಟು ಬಿಚ್ಚಿದಳು. ಆಗ ಅವನ ದನಗಳು ದೂರದಲ್ಲಿ ಒಂದರ ಹಿಂದೊಂದು ಮನೆ ಕಡೆ ಬರುತ್ತಿದ್ದವು.

"ಇದರಲ್ಲಿ ನೋಡು ಯಜಮಾನ. ನಿನ್ನ ಕೆಂದ ಹಸು ಏನ್ ಮಾಡ್ತಿದೆ?"

ಕಿಬಿವೊಟ್ ಕಣ್ಣಿಟ್ಟು ನೋಡಿ ಕೂಗಿದ: "ಥೂ, ಮುಂದಿನದರ ಬಾಲ ನೆಕ್ತಿದೆ!"

"ಈಗ ಹೋಗಿ ಬೇಲಿ ಪಕ್ಕ ನಿಂತು ನೋಡು."

ಹೋದ. ಎರಡು ಹಸುಗಳ ನಡುವೆ ಒಂದು ಕತ್ತೆಗಾಡಿ ಆರಾಮಾಗಿ ಅಡ್ಡ ದಾಟಿತು. ಅವನು ವಾಪಸು ಬಂದು ಮತ್ತೆ ಲೆನ್ಸಿನಲ್ಲಿ ನೋಡಿದ, ಮತ್ತೆ ಬೇಲಿಗೆ ಓಡಿದ. ಕೊನೆಗೆ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು: "ಹಾಗಾದ್ರೆ ನಿನ್ನ ಮಗು ಸುಳ್ಳುಬುರುಕ!"

"ಸುಳ್ಳು ಹೇಳಿಲ್ಲ. ಪಕ್ಕದಿಂದ ನೋಡೋಕೆ ಅದಕ್ಕೆ ಬರಲ್ಲ. ನಿನಗೆ ಬರುತ್ತಲ್ಲ?"

ಜೆರೊಟಿಚ್‌ಳ ಹೆಸರು ಪಟ್ಟಿಗೆ ಮರಳಿತು. ಜೆಮುಟೈಗೆ ಮಾತ್ರ ಅಡ್ಡಹೆಸರು ಅಂಟಿಕೊಂಡಿತು. ಈಗ ಫೋಟೊ ಕೊಟ್ಟಾಗಲೆಲ್ಲ ಹುಡುಗಿಯರು ಕೇಳುತ್ತಾರೆ: "ಸುಳ್ಳುಬುರುಕನ ಅಮ್ಮಾ, ನಾನು ನಿಜಕ್ಕೂ ಮುಂದಿನವಳಿಗೆ ಇಷ್ಟು ಹತ್ತಿರ ಇದ್ನಾ?" ಎರಡು ಕ್ಲಬ್ಬಿನವರು ಬೇರೆ ಫೋಟೊಗ್ರಾಫರ್ ಹುಡುಕಿಕೊಂಡರು. ಪತ್ರಿಕೆ ತಿದ್ದುಪಡಿಯನ್ನೂ ಹಾಕಲಿಲ್ಲ. ಬೇಜಾರಿಲ್ಲವೇ ಎಂದು ನಾನು ಕೇಳಿದರೆ ಕುಂಚದಿಂದ ಬಳೆಯ ಸಂದಿನ ಧೂಳು ತೆಗೆಯುತ್ತಾ ನಗುತ್ತಾಳೆ.

ಮುಂದಿನ ವಾರ ಅವಳೂ ನೈರೋಬಿಗೆ ಹೊರಟಿದ್ದಾಳೆ, ಯಾರೂ ಕರೆದಿಲ್ಲದಿದ್ದರೂ. ಓಟ ಮುಗಿಯುವ ಗೆರೆಯಾಚೆ ಎದುರಾಗಿ ಮಲಗಬೇಕಂತೆ.

"ಜೆರೊಟಿಚ್ ಬರ್ತಿರಬೇಕು, ಅವಳ ಹಿಂದೆ ಬರೀ ಖಾಲಿ ದಾರಿ ಇರಬೇಕು. ಅಂಥದ್ದೊಂದು ಚಿತ್ರ ಸಾಕು ನನಗೆ," ಅನ್ನುತ್ತಾ ಬಟ್ಟೆ ಸುತ್ತಿ ಮಗುವನ್ನು ಬೆನ್ನಿಗೇರಿಸುತ್ತಾಳೆ. "ಯಾರೂ ಇಲ್ದೇ ಇದ್ರೆ ಇವನು ಯಾರನ್ನ ತಂದು ಅಂಟಿಸ್ತಾನೆ, ನೋಡೋಣ."