ಹೀರಾ ಅಕ್ಕೋರ ಗುರುಗ್ರಹ

ಬನಹಟ್ಟಿಯಲ್ಲಿ ವಿಜ್ಞಾನ ಕಲಿಸುವ ಹೀರಾ ಅಕ್ಕೋರು ಹೊತ್ತು ಮುಳುಗುವ ಮುನ್ನ ಊಟ ಮುಗಿಸಿ, ಮಾಳಿಗೆ ಹತ್ತಿ ಗುರುಗ್ರಹವನ್ನು ಹುಡುಕುತ್ತಾರೆ. ಸಿಕ್ಕವರನ್ನೆಲ್ಲ ನಿಲ್ಲಿಸಿ, "ಗುರುವಿನ ಒಂದು ಚಂದ್ರನ ಮ್ಯಾಲೆ ಜ್ವಾಲಾಮುಖಿ ಅದಾವರಿ. ಅವು ಉಗುಳಿದ ಕಣಕ್ಕ ವಿದ್ಯುತ್ ಹತ್ತತೈತಿ. ಗುರುವಿನ ಕಾಂತಶಕ್ತಿ ಅವನ್ನ ಧ್ರುವಕ್ಕ ಎಳಕೊಂಡು ಹೋಗತೈತಿ. ಅವು ಅಲ್ಲಿನ ಗಾಳಿಗೆ ಬಡದ್ರ ಬೆಳಕರಿ!" ಎನ್ನುತ್ತಾರೆ. ಓಣಿಯ ಪವರ್‌ಲೂಮಿನವರೂ ಇದನ್ನು ಬಾಯಿಪಾಠ ಒಪ್ಪಿಸಬಲ್ಲರು. ಮೊನ್ನೆ ಅಕ್ಕೋರ ತಂಗಿಯ ಮಗಳು ಸಿದ್ಧಿಯನ್ನು ಗಂಡಿನ ಕಡೆಯವರು ಗುರುಬಲವಿಲ್ಲವೆಂದು ಬೇಡವೆಂದರು. ಅಳುತ್ತಿದ್ದವಳನ್ನು ಅಕ್ಕೋರು ಮಾಳಿಗೆಗೆ ಕರೆತಂದರು. "ಆ ಗುರುಗ ನಿನ್ನ ಮ್ಯಾಲೆ ಸಿಟ್ಟಿಲ್ಲವಾ." "ನಿನಗ್ಹೆಂಗ ಗೊತ್ತು, ದೊಡ್ಡವ್ವಾ?" ಅಕ್ಕೋರು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. "ನನ್ನ ಲಗ್ನಾನೂ ಇದ ಮಾತಿಗೆ ಮುರದಿತ್ತು. ಇಂವ ಯಾರು ನೋಡೇಬಿಡೂನಂತ ಅವತ್ತ ಓದಾಕ ಹತ್ತಿದೆ." ಸಿದ್ಧಿ ಕಣ್ಣೊರೆಸಿಕೊಂಡಳು. "ಎಲ್ಲದಾನ? ತೋರಸು."