ಮೆಣಸಗಿಯ ಸುದ್ದಿ ಕೇಳಿದ ಆಪಾ

ಹೋದ ತಿಂಗಳು ಊರಿನಿಂದ ಬಂದವರೊಬ್ಬರು ಗಜೇಂದ್ರಗಡದ ಕೈಮಗ್ಗದ ಸೀರೆ ತಂದುಕೊಟ್ಟರು. ಮಡಿಕೆ ಬಿಚ್ಚುತ್ತಲೇ ಗಂಜಿಯ ವಾಸನೆ ಬಂತು. ಮಸ್ಕತ್ತಿನ ಈ ಮನೆಯಲ್ಲಿ ಕುಳಿತವಳಿಗೆ ಮೇಲಿನ ಮನೆಯ ಆಪಾ ಅವರ ಕಪಾಟಿನ ಬಾಗಿಲು ತೆರೆದಂತಾಯಿತು... ಅವರ ತವರಿನಲ್ಲಿ ಮಗ್ಗಗಳಿದ್ದವು. ರಜೆಗೆ ಹೋದಾಗಲೆಲ್ಲ ಸೀರೆ ತಂದು, ಉಡದೆ ಹಾಗೆಯೇ ಇಟ್ಟುಕೊಳ್ಳುತ್ತಿದ್ದರು.

ಆಗ ನಾನು ಮದುವೆಯಾಗಿ ಮೆಣಸಗಿಯಿಂದ ಇಲ್ಲಿಗೆ ಬಂದ ಹೊಸತು. ನನ್ನವರು ನಸುಕಿಗೇ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಒಬ್ಬಳೇ. ಲಿಫ್ಟು ನಡುವೆ ನಿಂತರೆ ಯಾವ ಭಾಷೆಯಲ್ಲಿ ಕೂಗಲಿ ಎಂದು ಹೆದರಿ ಮೆಟ್ಟಿಲು ಇಳಿಯುತ್ತಿದ್ದೆ. ಬಾಗಿಲ ಗಂಟೆ ಬಾರಿಸಿದರೆ ಉಸಿರು ಬಿಗಿಹಿಡಿದು, ಬಂದವರು ಹೋಗುವವರೆಗೆ ಕಾಯುತ್ತಿದ್ದೆ. ಒಂದು ದಿನ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಅವ್ವನೊಂದಿಗೆ ಅಳುತ್ತಿದ್ದಾಗ ಮೇಲಿನಿಂದ ದನಿ ಬಂತು.

"ಯಾವೂರು ತಂಗಿ ನಿಂದು? ರೋಣದ ಕಡೆ ಮಾತು ಇದ್ದಂಗೈತಿ."

ನಾನು ಗಾಬರಿಯಾಗಿ ಒಳಗೆ ಹೋಗಿಬಿಟ್ಟೆ. ತುಸು ಹೊತ್ತಿಗೆ ಗಂಟೆ ಸದ್ದಾಯಿತು, ಅದೇ ದನಿ ಕರೆದದ್ದಕ್ಕೆ ಬಾಗಿಲು ತೆರೆದೆ. ಬುರ್ಖಾ ತೊಟ್ಟ ಹೆಂಗಸೊಬ್ಬರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ನಿಂತಿದ್ದರು. ಗಜೇಂದ್ರಗಡದವರು, ಗಂಡ ಇಲ್ಲಿ ಟೇಲರು. ಅಂದಿನಿಂದ ಅವರು ನನಗೆ ಆಪಾ, ಅವರ ಮಾತಿನಲ್ಲಿ ಅಕ್ಕ.

ಶುಕ್ರವಾರ ಅವರ ಮನೆಗೆ ನಮ್ಮ ಕಡೆಯ ಮಂದಿ ಬರುತ್ತಿದ್ದರು. ನರೇಗಲ್ಲಿನವರು, ನರಗುಂದದವರು, ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಚಹಾ ಕೊಡಲೆಂದು ಆಪಾ ನನ್ನನ್ನು ಕರೆಯುತ್ತಿದ್ದರು. ಕೊಡುತ್ತ ಕೊಡುತ್ತ ನಾನು ಮಾತಾಡಲು ಕಲಿತೆ. ಕೆಲವು ಸಂಜೆ ಕಡಲ ದಂಡೆಗೆ ಹೋಗುತ್ತಿದ್ದೆವು. ಅವರಿಗೂ ತೆರೆ ಕಂಡರೆ ಭಯ, ನನ್ನ ಕೈ ಬಿಡುತ್ತಿರಲಿಲ್ಲ. ಕನ್ನಡ ಸಂಘದ ದಸರೆ ಕಾರ್ಯಕ್ರಮದ ಸಮೂಹ ಗೀತೆಗೆ ನನ್ನ ಹೆಸರು ಕೊಟ್ಟವರೂ ಅವರೇ. ನೀವೂ ಬರ್ರಿ ಎಂದರೆ, ನಾಲ್ಕು ಮಂದಿ ಮುಂದೆ ನಿಂತರೆ ತನಗೆ ಕಾಲು ನಡುಗುತ್ತವೆ ಎಂದು ನಕ್ಕುಬಿಟ್ಟಿದ್ದರು.

ಆ ವರ್ಷವೇ ಮಲಪ್ರಭೆ ಉಕ್ಕಿದಳು. ನನ್ನ ಒಡಹುಟ್ಟಿದ ಅಕ್ಕ ಬಾಣಂತನಕ್ಕೆ ಬಂದು ಅವ್ವನ ಮನೆಯಲ್ಲಿದ್ದಳು, ಕೂಸಿಗೆ ಇನ್ನೂ ತೊಟ್ಟಿಲ ಶಾಸ್ತ್ರವೂ ಆಗಿರಲಿಲ್ಲ. ಮೆಣಸಗಿಗೆ ನೀರು ನುಗ್ಗಿದೆ ಎಂಬ ಸುದ್ದಿ ಬಂದ ಮೇಲೆ ಯಾರ ಫೋನೂ ಹತ್ತಲಿಲ್ಲ. ನೀರು ಹೊಸ್ತಿಲು ದಾಟಿತೋ, ತೊಲೆ ಮುಟ್ಟಿತೋ... ಊಟ ಸೇರಲಿಲ್ಲ, ಮಲಗಿದರೆ ಕೂಸು ಅತ್ತಂತಾಗುತ್ತಿತ್ತು. ಕಾರ್ಯಕ್ರಮದ ದಿನ ನಾನು ಬರುವುದಿಲ್ಲವೆಂದೆ.

"ಇಲ್ಲೆ ಗ್ವಾಡಿ ನೋಡ್ಕೋತ ಕುಂತ್ರ ಸುದ್ದಿ ಬರೂದಿಲ್ಲ," ಎಂದರು ಆಪಾ. "ಅಲ್ಲೆ ನಮ್ಮ ಕಡೆ ಮಂದಿ ಬರ್ತಾರ. ಹಾಡಬ್ಯಾಡ. ನಡಿ."

ಸಭಾಂಗಣದಲ್ಲಿ ದೀಪ, ಹೂವು, ಮಕ್ಕಳ ಕೋಲಾಟ. ಆಪಾ ಸಾಲು ಸಾಲಿಗೆ ಹೋಗಿ ಬಾಗಿ ಕೇಳಿದರು. ಎಲ್ಲರೂ ಗೊತ್ತಿಲ್ಲವೆಂದು ತಲೆಯಾಡಿಸಿದರು. ಆಮೇಲೆ ಅವರು ಎಲ್ಲಿ ಹೋದರೆಂದು ತಿಳಿಯಲಿಲ್ಲ. ಕೋಲಾಟ ಮುಗಿದಾಗ ತಲೆ ಎತ್ತಿದರೆ ಆಪಾ ವೇದಿಕೆಯ ಮೇಲೆ ನಿಂತಿದ್ದರು, ಎರಡೂ ಕೈಯಲ್ಲಿ ಮೈಕು ಹಿಡಿದು.

"ಮೆಣಸಗಿ ಸುದ್ದಿ ಯಾರಿಗರ ಗೊತ್ತೈತೇನ್ರಿ? ನಮ್ಮ ಹುಡುಗಿ ಮನಿಯೊಳಗ ಬಾಣಂತಿ ಅದಾಳ, ಹಸಗೂಸು ಐತಿ..."

ಮೈಕು ನಡುಗುವುದು ಹಿಂದಿನ ಸಾಲಿನಲ್ಲಿದ್ದ ನನಗೂ ಕಾಣುತ್ತಿತ್ತು.

ನರಗುಂದದವರೊಬ್ಬರು ಎದ್ದು ಬಂದರು. ಅವರ ಅಳಿಯ ಆ ಕಡೆಗೆ ರೊಟ್ಟಿ ಹೊತ್ತ ಟ್ರ್ಯಾಕ್ಟರಿನೊಂದಿಗೆ ಹೋಗಿದ್ದನಂತೆ. ಫೋನು ಹಚ್ಚಿ ಕೇಳಿ, ಮಂದಿಯೆಲ್ಲ ಎತ್ತರದಲ್ಲಿರುವ ಶಾಲೆಗೆ ಬಂದಿದ್ದಾರೆ, ಒಬ್ಬ ಬಾಣಂತಿಯೂ ಇದ್ದಾಳೆ ಎಂದರು. ಯಾವ ಬಾಣಂತಿ ಎಂದೆ. ಅವರಿಗೆ ಗೊತ್ತಿರಲಿಲ್ಲ. ಆಪಾ ಮತ್ತೆ ಹಚ್ಚಿಸಿದರು, ಮತ್ತೆ ಹಚ್ಚಿಸಿದರು. ಅಳಿಯ ಶಾಲೆಯ ಒಂದೊಂದೇ ಕೋಣೆಯಲ್ಲಿ ನನ್ನ ಅಪ್ಪನ ಹೆಸರು ಹಿಡಿದು ಕೂಗುತ್ತ ಹೋಗುವುದು ಫೋನಿನಲ್ಲಿ ಕೇಳುತ್ತಿತ್ತು. ಆಮೇಲೆ ಅವ್ವನ ದನಿ.

"ಮನಿ ಹೋತವ್ವಾ... ಕೂಸು ಐತಿ. ನಾವೆಲ್ಲಾ ಅದೀವಿ."

ನಾನು ಆಪಾ ಅವರ ಮಡಿಲಿನಲ್ಲಿ ಮುಖ ಹುದುಗಿಸಿದೆ. ಅವರ ಕಾಲು ಇನ್ನೂ ನಡುಗುತ್ತಿದ್ದವು.

ಮರುವರ್ಷ ಅವರ ಯಜಮಾನರ ಕೆಲಸ ಹೋಗಿ, ಗಡಿಬಿಡಿಯಲ್ಲಿ ಊರಿಗೆ ಹೊರಟುಬಿಟ್ಟರು. ಅವರು ಕೊಟ್ಟುಹೋದ ನಂಬರು ಕೆಲ ತಿಂಗಳಿಗೇ ಬಂದ್ ಆಯಿತು, ನಮ್ಮದೂ ಬದಲಾಯಿತು. ಅದೆಷ್ಟೋ ವರ್ಷಗಳ ಮೇಲೆ ರಜೆಗೆ ಹೋದಾಗ ಗಜೇಂದ್ರಗಡದಲ್ಲಿ ಕೇಳುತ್ತ ಕೇಳುತ್ತ ಅವರ ಮನೆ ಹುಡುಕಿದೆ. ಸೊಸೆ ಬಾಗಿಲು ತೆರೆದಳು. ಆಪಾ ತೀರಿಕೊಂಡು ಎರಡು ಬೇಸಿಗೆ ಕಳೆದಿದ್ದವು.

ಯಾವ ಊರಿನವರು ಎಂದು ಕೇಳಿದಳು. ಮೆಣಸಗಿ ಎಂದೆ. ಅವಳು ನನ್ನನ್ನೇ ನೋಡಿದಳು.

"ಮಳಿ ಜೋರಾದ್ರ ಅತ್ತಿ ಸುಮ್ಮನ ಕುಂದರ್ತಿದ್ದಿಲ್ಲ. ಮೆಣಸಗಿ ಹ್ಯಾಂಗೈತಿ ಅಂತ ಹೋದವರ್ನ ಬಂದವರ್ನ ಕೇಳೋರು. ಅಲ್ಲೆ ಯಾರದಾರ ಅಂತ ನಮಗ ಗೊತ್ತ ಇದ್ದಿಲ್ಲ."

ಅವ್ವನ ಮನೆ ಈಗ ಎತ್ತರದ ಜಾಗದಲ್ಲಿದೆ. ಅಲ್ಲಿಗೆ ಹೊಳೆಯ ನೀರು ಬರುವುದಿಲ್ಲ. ಆ ಒಂದು ಮಾತು ಆಪಾ ಅವರಿಗೆ ತಲುಪಬೇಕಿತ್ತು...