ಉಪ್ಪಿನಕಾಯಿ ಬಾಟಲಿಯ ಪ್ರದರ್ಶನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗೋವಾದ ಈ ಪರ್ವರಿಯಲ್ಲಿ ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಹೇಳಲಿ. ಆ ಸಿಟ್ಟು ಒಂದು ಸಲವಾದರೂ ಕೆಲಸಕ್ಕೆ ಬಂದಿದೆ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಇಲ್ಲಿನ ಸಭಾಭವನದಲ್ಲಿ ಮೂರು ದಿನದ ಆರೋಗ್ಯ ಪ್ರದರ್ಶನ ಏರ್ಪಟ್ಟಿತ್ತು. ನಾನು ಹತ್ತು ವರ್ಷ ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ಹೊತ್ತು, ಆಮೇಲೆ ಫ್ಲ್ಯಾಟುಗಳಲ್ಲಿ ಅಡಿಗೆಗೆ ನಿಂತವಳು. ವಿಜಯಪುರದ ಕನ್ನಡ, ಇಲ್ಲಿಯ ಕೊಂಕಣಿ ಎರಡೂ ಬಾಯಲ್ಲಿ ಓಡುತ್ತವೆ. ಅದಕ್ಕೇ ನಮ್ಮ ಕಡೆಯ ಕೂಲಿ ಜನಕ್ಕೆ ಡೆಂಗಿ ಜ್ವರದ ವಿಷಯ ತಿಳಿಸಿ ಹೇಳಲು ಆರೋಗ್ಯ ಇಲಾಖೆಯವರು ನನ್ನನ್ನು ನಿಲ್ಲಿಸಿದರು. ಎರಡು ದಿನ ಒಬ್ಬರೂ ಬರಲಿಲ್ಲ. ಮೂರನೆಯ ದಿನ ಸಂಜೆ ಹಿಂಡು ಹಿಂಡಾಗಿ ಬಂದರು. ನನಗೆ ಎದೆಯುಬ್ಬಿತು. ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಬ್ಬ ಕೇಳಿದ: “ಅಕ್ಕಾರ, ಆ ದೊಡ್ಡ ಸೊಳ್ಳಿ ಫ್ಲೆಕ್ಸ್ ಎಷ್ಟ್ ಫೂಟ್ ಐತ್ರಿ? ಮುಗದ ಮ್ಯಾಲ ಯಾರಿಗೆ ಕೊಡ್ತೀರಿ?”

ಅವರು ಬಂದದ್ದು ಚಾವಣಿಗಾಗಿ. ಮೇ ತಿಂಗಳಲ್ಲಿ ಶೆಡ್ಡಿನ ಜನಕ್ಕೆ ತಾಡಪತ್ರಿಯ ಚಿಂತೆ ಬಿಟ್ಟರೆ ಬೇರೆ ಚಿಂತೆ ಇರುವುದಿಲ್ಲ, ಫ್ಲೆಕ್ಸ್ ಸಿಕ್ಕರೆ ಖರ್ಚಿಲ್ಲದ ತಾಡಪತ್ರಿ.

ನನ್ನ ಮುಖ ನೋಡಿ, ಆ ವರ್ಷವೇ ನಿವೃತ್ತರಾಗಲಿದ್ದ ಇಲಾಖೆಯ ಮೇಲ್ವಿಚಾರಕರು ನಕ್ಕರು. ಅವರು ಕೆಲಸಕ್ಕೆ ಸೇರಿದಾಗ ಬಟ್ಟೆಯ ಮೇಲೆ ಬರೆದ ಚಿತ್ರಗಳನ್ನು ಸುರುಳಿ ಸುತ್ತಿ ಬಸ್ಸಿನಲ್ಲಿ ಒಯ್ದು, ಸಂತೆಯ ದಿನ ಮರಕ್ಕೆ ತೂಗುಹಾಕುತ್ತಿದ್ದರಂತೆ. ಆಮೇಲೆ ಪರದೆ ಕಟ್ಟಿ ಸಿನಿಮಾ ತೋರಿಸುವ ಕಾಲ ಬಂತು. ಜನ ಕಾಲರಾದ ರೀಲು ಯಾವಾಗ ಮುಗಿದೀತು, ಹಾಡು ಯಾವಾಗ ಶುರುವಾದೀತು ಎಂದು ಕಾಯುತ್ತಿದ್ದರಂತೆ. ಈಗ ಫ್ಲೆಕ್ಸಿನ ಕಾಲ. ನಾವು ಹೇಳಿದ್ದೊಂದನ್ನು ಬಿಟ್ಟು ಜನ ಉಳಿದದ್ದೆಲ್ಲ ಮನೆಗೆ ಒಯ್ಯುತ್ತಾರೆ ಎಂದರು ಕೊಂಕಣಿಯಲ್ಲಿ.

ನಾನು ಉರಿದುಬಿದ್ದೆ. ಆದರೆ ಸುಳ್ಳೇಕೆ ಹೇಳಲಿ, ಎಲ್ಲಕ್ಕಿಂತ ದೊಡ್ಡ ಫ್ಲೆಕ್ಸನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದವಳು ನಾನೇ. ನನ್ನ ತಂಗಿ ಹತ್ತಿರದ ಸೈಟಿನ ಶೆಡ್ಡಿನಲ್ಲಿದ್ದಳು, ಐದು ತಿಂಗಳ ಬಸುರಿ. ಹಿಂದಿನ ಮಳೆಗಾಲದಲ್ಲಿ ಅವಳ ಪಕ್ಕದ ಶೆಡ್ಡಿನವಳಿಗೆ ಡೆಂಗಿ ಬಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈ ಮಳೆಗಾಲವನ್ನು ತಂಗಿ ಜ್ವರವಿಲ್ಲದೆ ದಾಟಬೇಕು, ನನಗಿದ್ದದ್ದು ಅದೊಂದೇ ಆಸೆ. ನನ್ನ ಹತ್ತಿರ ಬಂದಿರು ಎಂದರೆ ಕೇಳಲಿಲ್ಲ. “ನಿನ್ನ ಖೋಲ್ಯಾಗ ಈಗ ನಾಕ್ ಮಂದಿ ಅದೀರಿ. ನಾ ಏನ್ ಗ್ವಾಡಿಗೆ ಜೋತ ಬೀಳ್ಲೇನ ಅಕ್ಕಾ?” ಎಂದಳು. ಮೈಯಾದರೂ ಒಣಗಿರಲಿ ಎಂದು ಆ ಫ್ಲೆಕ್ಸನ್ನು ಅವಳ ಚಾವಣಿಗೆ ಹೊದಿಸಿದೆವು.

ಮಳೆ ಹಿಡಿದ ಮೇಲೆ ಸೈಟಿನಲ್ಲಿ ಇಬ್ಬರಿಗೆ ಡೆಂಗಿ ಬಂತು. ಆರೋಗ್ಯದವರು ಬಂದು ಹೊಗೆ ಹೊಡೆದು ಹೋದರು. ಒಂದು ಭಾನುವಾರ ಮಳೆ ನಿಂತಾಗ, ಚಾವಣಿ ಜೋತುಬಿದ್ದದ್ದು ಕಂಡು ಇಟ್ಟಿಗೆಯ ರಾಶಿ ಹತ್ತಿ ನೋಡಿದೆ. ಫ್ಲೆಕ್ಸಿನ ನಡುವೆ ತಗ್ಗು ಬಿದ್ದು ತಿಳಿನೀರು ನಿಂತಿತ್ತು. ಆ ನೀರಿನಲ್ಲಿ ಸಣ್ಣ ಹುಳಗಳು ಕೊಂಕಿ ಕೊಂಕಿ ಈಜುತ್ತಿದ್ದವು. ಅವುಗಳ ಅಡಿಯಲ್ಲಿ, ನಾನೇ ಕೋಲು ಹಿಡಿದು ತೋರಿಸುತ್ತಿದ್ದ ಆ ಚಿತ್ರದ ಸೊಳ್ಳೆ, ಅದರ ಮಕ್ಕಳೆಲ್ಲ ಮನೆಗೆ ಬಂದಂತೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಮೊದಲು ನನ್ನ ಮೇಲೆ ನನಗೆ ಸಿಟ್ಟು ಬಂತು, ಆಮೇಲೆ ಎಲ್ಲರ ಮೇಲೆ.

ಉಪ್ಪಿನಕಾಯಿಯ ಗಾಜಿನ ಬಾಟಲಿಯಲ್ಲಿ ಆ ನೀರು ತುಂಬಿಕೊಂಡು, ಉಳಿದದ್ದನ್ನು ಚೆಲ್ಲಿದೆ. ಆದರೆ ಒಂದು ಚಾವಣಿ ಖಾಲಿಯಾದರೆ ಏನಾದೀತು? ಪಕ್ಕದ ಹನ್ನೊಂದು ಶೆಡ್ಡುಗಳ ಮೇಲೂ ಹಾಗೇ ನೀರಿತ್ತು. ಬಾಟಲಿ ಹಿಡಿದು ಮುಕಾದಮನ ಮುಂದೆ ಹೋಗಿ ನಿಂತೆ. ಕೂಲಿಯಾಳುಗಳೆಲ್ಲ ಅವನ ಮಾತಿಗೇ ಏಳುವವರು, ಕೂರುವವರು.

“ಸೊಳ್ಳಿ ಗಟಾರದಾಗ ಹುಟ್ಟತಾವ್ರಿ ಅಕ್ಕಾರ,” ಎಂದ ಅವನು. “ಇದು ಮಳಿನೀರು, ದೇವರ ನೀರು. ಇದರಾಗ ಏನ್ ಹುಟ್ಟತೈತಿ?”

“ಹಂಗಾರ ಬಾಟ್ಲಿ ಇಲ್ಲೇ ಇರಲಿ,” ಎಂದೆ. “ಇದರಾಗಿಂದ ಸೊಳ್ಳಿ ಎದ್ದರ ಚಾವಣಿ ನೀರು ಚೆಲ್ಲಾಕ ನೀವ ಮೊದಲು ಏಣಿ ಹತ್ತಬೇಕು. ಏಳಲಿಲ್ಲಂದ್ರ ನಾ ಈ ಸೈಟಿನ್ಯಾಗ ಮತ್ತ ಬಾಯಿ ತಗಿಯೂದಿಲ್ಲ.”

“ಅದೂ ಚಲೋನ ಆತು ಬಿಡ್ರಿ,” ಎಂದ. ಎಲ್ಲರೂ ನಕ್ಕರು.

ಬಾಟಲಿಯ ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿ, ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಇಟ್ಟೆ. ನೀರಿಗೆ ಬಂದವರೆಲ್ಲ ಬಗ್ಗಿ ನೋಡಿದರು. ಸಭಾಭವನಕ್ಕೆ ಕಾಲಿಡದ ಜನ ದಿನಕ್ಕೆರಡು ಸಲ ಈ ಪ್ರದರ್ಶನಕ್ಕೆ ಬಂದರು. ಮೂರನೆಯ ದಿನ ಹುಳಗಳು ಮುದುಡಿ, ತಲೆ ದಪ್ಪವಾಗಿ, ಅಲುಗಾಡುವುದು ಕಡಿಮೆಯಾಯಿತು. ಸತ್ತೇಹೋದವೇನೋ ಎಂದು ನನ್ನ ಜೀವ ಹಾರಿತು. ಸೊಳ್ಳೆ ಹುಟ್ಟಲಪ್ಪಾ ಎಂದು ದೇವರಿಗೆ ಬೇಡಿಕೊಂಡವಳು ಇಡೀ ಗೋವಾದಲ್ಲಿ ನಾನೊಬ್ಬಳೇ ಇರಬೇಕು.

ಶುಕ್ರವಾರ ಬೆಳಿಗ್ಗೆ ತಂಗಿ ಫೋನು ಮಾಡಿ ಇಷ್ಟೇ ಹೇಳಿದಳು: “ಅಕ್ಕಾ, ಲಗೂನ ಬಾ.”

ಓಡಿಹೋದೆ. ನಲ್ಲಿಯ ಸುತ್ತ ಜನ ಕಿಕ್ಕಿರಿದಿದ್ದರು. ಬಾಟಲಿಯ ಒಳಗೋಡೆಗೆ ಸೊಳ್ಳೆಗಳು ಅಂಟಿ ಕೂತಿದ್ದವು, ಫ್ಲೆಕ್ಸಿನ ಡೆಂಗಿ ಸೊಳ್ಳೆಗಿದ್ದಂತೆಯೇ ಕಾಲಿಗೆಲ್ಲ ಬಿಳಿ ಪಟ್ಟೆ. ಮುಕಾದಮ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದ, ತಿರುಗಿಸಿದ, ಬಟ್ಟೆಯ ಗಂಟು ಬಿಚ್ಚಿದೆಯೇ ಎಂದು ಮುಟ್ಟಿ ನೋಡಿದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಆಸಾಮಿ. ಕೊನೆಗೆ ತಲೆಯ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು, “ಏಣಿ ತರ್ರಿ,” ಎಂದ.

ಅವನೇ ಮೊದಲು ಹತ್ತಿದ. ಮಧ್ಯಾಹ್ನದೊಳಗೆ ಹನ್ನೆರಡು ಚಾವಣಿಗಳ ನಡುವೆಯೂ ಬಿದಿರು ಕೊಟ್ಟು, ನೀರು ಎರಡೂ ಕಡೆ ಜಾರಿ ಹೋಗುವಂತೆ ಬಿಗಿದರು. ತಂಗಿ ತನ್ನ ಫ್ಲೆಕ್ಸನ್ನು ತಿರುವಿ ಹಾಕಿಸಿಕೊಂಡಳು, ಚಿತ್ರ ಒಳಗೆ ಬರುವಂತೆ. ಮಲಗಿದಲ್ಲಿಂದ ಕಂಡರೆ ನೆನಪಿರುತ್ತದೆ ಎಂದಳು. ಆಮೇಲೆ ಪ್ರತಿ ಭಾನುವಾರ ಡ್ರಮ್ಮು, ಬಕೆಟ್ಟು, ತಗ್ಗು ಎಲ್ಲ ಖಾಲಿ ಮಾಡುವುದು ಸೈಟಿನ ನೇಮವಾಯಿತು. ಮುಕಾದಮ ತಾನೇ ಸುತ್ತು ಹಾಕುತ್ತಿದ್ದ, ಬೈಯುವುದರಲ್ಲಿ ನನ್ನನ್ನೂ ಮೀರಿಸಿದ. ಮಳೆ ಮುಗಿಯುವವರೆಗೆ ಆ ಶೆಡ್ಡುಗಳಲ್ಲಿ ಮತ್ತೊಬ್ಬರಿಗೆ ಡೆಂಗಿ ಬರಲಿಲ್ಲ. ತಂಗಿ ಒಂದು ದಿನವೂ ಜ್ವರವಿಲ್ಲದೆ ಹೆಣ್ಣುಮಗುವನ್ನು ಹೆತ್ತಳು. ಆ ದಿನ ಆಸ್ಪತ್ರೆಯ ಬಾಗಿಲಲ್ಲಿ ಕೂತು ನಾನು ಮನಸಾರೆ ಅತ್ತೆ. ಗೆದ್ದವರೂ ಅಳುತ್ತಾರೆ.

ಮರುವರ್ಷದ ಪ್ರದರ್ಶನದಲ್ಲಿ ನನ್ನ ಮೇಜಿನ ಮೇಲೆ ನಾಲ್ಕು ಸೈಟುಗಳಿಂದ ಬಂದ ನಾಲ್ಕು ಬಾಟಲಿಗಳಿದ್ದವು. ನಮ್ಮ ಜನ ಮೊದಲನೆಯ ದಿನವೇ ಬಂದರು. ನಿವೃತ್ತರಾಗಿದ್ದ ಮೇಲ್ವಿಚಾರಕರೂ ಬಂದು ಒಂದು ಮೂಲೆಯಲ್ಲಿ ನಿಂತರು. ಮುಕಾದಮ ಇಸ್ತ್ರಿಯ ಅಂಗಿ ಹಾಕಿಕೊಂಡು ತನ್ನ ಬಾಟಲಿಯ ಪಕ್ಕದಲ್ಲಿ ನಿಂತು, “ದೇವರ ನೀರು ಖರೇ, ನಿಲ್ಲಿಸಿದವರು ನಾವ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ತಂಗಿ ಮಗಳನ್ನು ಎತ್ತಿಕೊಂಡು ಬಂದಳು. ಗೋಡೆಯ ಮೇಲೆ ಹೊಸ ಫ್ಲೆಕ್ಸ್ ಇತ್ತು, ಅದೇ ದೊಡ್ಡ ಸೊಳ್ಳೆ. ಬೇರೆ ಮಕ್ಕಳು ಅದನ್ನು ಕಂಡು ಹೆದರಿ ಅಮ್ಮಂದಿರ ಸೆರಗು ಹಿಡಿಯುತ್ತಿದ್ದರೆ, ಈ ಹುಡುಗಿ ಬಳಗದವರನ್ನು ಕಂಡಂತೆ ಎರಡೂ ಕೈ ಚಾಚಿ ಕೇಕೆ ಹಾಕಿ ನಕ್ಕಳು. ಹುಟ್ಟಿದಾಗಿನಿಂದ ಅದರ ಕೆಳಗೇ ಮಲಗಿದವಳು. ಅದು ನಿರುಪದ್ರವಿ ಎಂದೇ ಅವಳು ತಿಳಿದಿದ್ದಳು.